ಜಾಬ್ ಕಾರ್ಡಿನಲ್ಲಿ ಜಾತಿಯ ಕಾಲಂ ಇಲ್ಲ



ಮೊನ್ನೆ ಲುಂಬಿನಿಯ ಹಳೇ ಫೋಟೋ ನಾಲ್ಕು ಹಾಕಿದ್ದೆ. ಅವತ್ತಿಂದ ನಮ್ಮ ಹುಡುಗರು ಇನ್‌ಬಾಕ್ಸಿಗೆ ಬಂದು ಒಂದೇ ಮಾತು ಕೇಳ್ತಿದ್ದಾರೆ: "ಅಣ್ಣಾ, ಅಷ್ಟು ದೂರ ಬೈಕಲ್ಲಿ ಹೋದ್ರಲ್ಲ, ಬೇರೆ ದೇಶದಲ್ಲಿ ಗಾಡಿ ಕೆಟ್ಟು ನಿಂತ್ರೆ ಯಾರು ನೋಡ್ತಾರೆ?" ಇದು ಬೈಕ್ ಇರೋ ಎಲ್ಲಾ ಹುಡುಗರೂ ಕೇಳೋ ಪ್ರಶ್ನೆನೇ. ಆದರೆ ನಮ್ಮವರು ಕೇಳುವಾಗ ಅದರ ಹೊಟ್ಟೆಯೊಳಗೆ ಇನ್ನೊಂದು ಪ್ರಶ್ನೆ ಕೂತಿರುತ್ತೆ. ಗಾಡಿಗೆ ಕೈ ಹಾಕೋಕೆ ಮುಂಚೆ ನಾವು ಯಾರು ಅಂತ ಕೇಳ್ತಾರಾ? ಎರಡಕ್ಕೂ ಸೇರಿಸಿ ಬರೀತಿದ್ದೀನಿ. ಉದ್ದ ಆಗುತ್ತೆ, ಬಿಡುವಾದಾಗ ಓದಿ.

ನಾನು ಬಸವನಗುಡಿಯ ಒಂದು ಆಫೀಸಲ್ಲಿ ಗುಮಾಸ್ತ. ಚಾಮರಾಜಪೇಟೆಯಲ್ಲಿ ಬಾಡಿಗೆ ಮನೆ. ಈ ಮನೆ ಸಿಗೋಕೆ ಮುಂಚೆ ಬಸವನಗುಡಿ, ಮಲ್ಲೇಶ್ವರ ಎರಡೂ ಕಡೆ "ಸಸ್ಯಾಹಾರಿಗಳಿಗೆ ಮಾತ್ರ" ಅನ್ನೋ ಬೋರ್ಡುಗಳ ಮುಂದೆ ನಿಂತು ವಾಪಸ್ ಬಂದವನು. ಅಲ್ಲಿ ಯಾರೂ ಜಾತಿ ಯಾವುದು ಅಂತ ನೇರವಾಗಿ ಕೇಳಲ್ಲ. "ಯಾವ ಕಡೆಯವರು? ಮನೆದೇವ್ರು ಯಾವುದು? ಮನೇಲಿ ಏನೇನು ಅಡುಗೆ ಮಾಡ್ತೀರಾ?" ಅಂತಾರೆ. ಮೂರನೇ ಪ್ರಶ್ನೆ ಹೊತ್ತಿಗೆ ಮನೆ ಬೇರೆ ಯಾರಿಗೋ ಆಗಿಹೋಗಿರುತ್ತೆ.

ನಮ್ಮಪ್ಪನ ಕಾಲದಲ್ಲಿ ಇಷ್ಟು ಸುತ್ತುಬಳಸು ಇರಲಿಲ್ಲ. ಅಪ್ಪನ ಹತ್ರ ಒಂದು ಹಳೇ ಸೈಕಲ್ ಇತ್ತು. ಊರಿಗೆ ಹೋದಾಗ ಮೇಲ್ಜಾತಿಯವರ ಬೀದಿ ಬಂದ ಕೂಡಲೇ ಇಳಿದು ತಳ್ಳಿಕೊಂಡು ಹೋಗಬೇಕಿತ್ತು. ಹೋಬಳಿಯಲ್ಲಿ ಒಂದು ಸೈಕಲ್ ಶಾಪು. ಪಂಚರ್ ಆದರೆ ಆ ಶಾಪಿನವನು ಪಂಪು, ಸೊಲ್ಯೂಷನ್ನು, ಪ್ಯಾಚು ನೆಲದ ಮೇಲೆ ಇಟ್ಟು ದೂರ ಸರಿಯೋನು. ಅಪ್ಪ ತಾನೇ ಟ್ಯೂಬ್ ಬಿಚ್ಚಿ, ತಾನೇ ಉಜ್ಜಿ, ತಾನೇ ಹಚ್ಕೋಬೇಕು. ಕೂಲಿ ಮಾತ್ರ ಪೂರ್ತಿ ಕೊಡಬೇಕು. ಅದನ್ನೂ ಒಂದು ಕಲ್ಲಿನ ಮೇಲೆ ಇಡಬೇಕು, ಅವನು ನೀರು ಚಿಮುಕಿಸಿ ತಗೊಳೋನು. ನಮ್ಮ ಬೀದಿಯಲ್ಲೆಲ್ಲ ಪಂಚರ್ ಹಾಕೋದಕ್ಕೆ ಅಪ್ಪನೇ ಹೆಸರುವಾಸಿ. ಅಪ್ಪ ಅದನ್ನ ಕಲಿತಿದ್ದು ಹೇಗೆ ಅಂತ ನನಗೆ ಬಹಳ ವರ್ಷ ಗೊತ್ತಿರಲಿಲ್ಲ.

ದಾರಿಯಲ್ಲಿ ನಿಂತುಹೋಗೋದು ಅಂದರೆ ನಮಗೆ ಏನು ಅಂತ ಬಾಬಾಸಾಹೇಬರೇ ಬರೆದಿಟ್ಟಿದ್ದಾರೆ. "ವೇಟಿಂಗ್ ಫಾರ್ ಎ ವೀಸಾ" ಓದಿ. ಸಣ್ಣ ಪುಸ್ತಕ, ಒಂದು ಸಂಜೆಗೆ ಮುಗಿಯುತ್ತೆ. 1901ರಲ್ಲಿ ಹುಡುಗ ಭೀಮರಾವ್ ಅಪ್ಪನನ್ನ ನೋಡೋಕೆ ಕೋರೆಗಾಂವಿಗೆ ಹೊರಟಾಗ ಮಸೂರು ಸ್ಟೇಷನ್ನಿನಲ್ಲಿ ಒಬ್ಬ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟರು. ಗಾಡಿ ಹೊಡೆದಿದ್ದು ಹುಡುಗರೇ, ಗಾಡಿಯವನು ಮೈಲಿಗೆ ಆಗದ ಹಾಗೆ ಪಕ್ಕದಲ್ಲಿ ನಡೆದುಕೊಂಡು ಬಂದ. ಅದೇ ಹುಡುಗ ಮುಂದೆ ಅಮೆರಿಕ, ಲಂಡನ್ ಓದಿ, ಬ್ಯಾರಿಸ್ಟರ್ ಆಗಿ, 1929ರಲ್ಲಿ ಮುಂಬೈ ಸರ್ಕಾರದ ಸಮಿತಿಯ ಸದಸ್ಯನಾಗಿ ಚಾಳೀಸ್‌ಗಾಂವ್‌ನಲ್ಲಿ ಇಳಿದರೆ, ಅಲ್ಲೂ ಟಾಂಗಾದವರು ಓಡಿಸೋಕೆ ಒಪ್ಪಲಿಲ್ಲ. ಟಾಂಗಾ ಕೊಟ್ಟರು, ಕೈ ಕೊಡಲಿಲ್ಲ. ಓಡಿಸಿ ಗೊತ್ತಿಲ್ಲದ ನಮ್ಮವರೊಬ್ಬರೇ ಹಗ್ಗ ಹಿಡಿದರು. ಸೇತುವೆ ಹತ್ರ ಚಕ್ರ ಕಲ್ಲಿಗೆ ಸಿಕ್ಕಿ ಬಾಬಾಸಾಹೇಬರು ಎಗರಿ ಬಿದ್ದು ಕಾಲು ಮುರಿಯಿತು.

28 ವರ್ಷ, ಎಷ್ಟೊಂದು ಡಿಗ್ರಿ, ಆದರೂ ಅದೇ ಉತ್ತರ. ದುಡ್ಡು ಇಲ್ಲದೆ ಆದದ್ದಲ್ಲ ಇದು. ಎರಡು ಪಟ್ಟು ಕೊಡೋಕೆ ತಯಾರಿದ್ದರೂ ಸೇವೆ ಮಾಡೋ ಕೈ ಸಿಗಲಿಲ್ಲ.

ಇದು ಹಳೇ ಕತೆ ಅನ್ನೋರಿಗೆ ಒಂದು ಮಾತು. 2025ರ ಫೆಬ್ರವರಿಯಲ್ಲಿ ತಮಿಳುನಾಡಿನ ಶಿವಗಂಗೆ ಜಿಲ್ಲೆಯಲ್ಲಿ ಒಬ್ಬ ದಲಿತ ವಿದ್ಯಾರ್ಥಿಯ ಕೈಗಳಿಗೆ ಕತ್ತಿ ಬಿತ್ತು. ಬುಲೆಟ್ ಓಡಿಸ್ತಾನೆ ಅನ್ನೋದೇ ಸಿಟ್ಟಿಗೆ ಕಾರಣ ಅಂತ ಮನೆಯವರು ದೂರು ಕೊಟ್ಟರು. ನಮಗೆ ಬೈಕು ಬರೀ ಬೈಕಲ್ಲ ಅನ್ನೋದು ನಮಗಿಂತ ಚೆನ್ನಾಗಿ ಅವರಿಗೆ ಗೊತ್ತಿದೆ.

ಈಗ ನಮ್ಮ ಪ್ರಯಾಣಕ್ಕೆ ಬರ್ತೀನಿ. 2023ರ ಅಕ್ಟೋಬರ್. ಎರಡು ಗಾಡಿ, ನಾಲ್ಕು ಜನ: ನಾನು, ನಮ್ಮ ಸಂಘಟನೆಯ ಮೇಷ್ಟ್ರು, ರಾಯಚೂರು ಕಡೆಯ ಒಬ್ಬ ತಮ್ಮ, ಅವನ ದೋಸ್ತಿ. ವಿಜಯದಶಮಿ ದಿನ ನಾಗಪುರದ ದೀಕ್ಷಾಭೂಮಿ, ಅಲ್ಲಿಂದ ಜಬಲ್ಪುರ, ರೀವಾ, ವಾರಣಾಸಿ, ಗೋರಖ್‌ಪುರ, ಆಮೇಲೆ ಸೋನೌಲಿ ಗಡಿ ದಾಟಿ ಬುದ್ಧ ಹುಟ್ಟಿದ ಲುಂಬಿನಿ. ಬೆಂಗಳೂರಿಂದ ಒಂದು ಕಡೆಗೇ ಸುಮಾರು 2,000 ಕಿಲೋಮೀಟರ್. ನನ್ನದು 2017ರ ಪಲ್ಸರ್ 150, ಕಾರ್ಬೊರೇಟರ್ ಮಾಡೆಲ್. ಟ್ಯಾಂಕಿನ ಮೇಲೆ ಬಾಬಾಸಾಹೇಬರ ಸ್ಟಿಕ್ಕರ್, ಮುಂದೆ ಒಂದು ನೀಲಿ ಬಾವುಟ.

ಹೊರಡೋ ಮುಂಚೆ ಗಾಡೀನ ಚಾಮರಾಜಪೇಟೆಯ ನಮ್ಮ ಮೆಕ್ಯಾನಿಕ್ ಭಾಯ್ ಹತ್ರ ಬಿಟ್ಟೆ. ಹದಿನೈದು ವರ್ಷದಿಂದ ನನ್ನ ಗಾಡಿ ಮುಟ್ಟಿರೋದು ಅವರೊಬ್ಬರೇ. ಆಯಿಲ್, ಬ್ರೇಕ್ ಶೂ, ಚೈನ್ ಎಲ್ಲಾ ನೋಡಿದರು. ಜೆ.ಸಿ. ರೋಡಿಗೆ ಕಳಿಸಿ ಕ್ಲಚ್ ವೈರು, ಆಕ್ಸಿಲೇಟರ್ ವೈರು, ಪ್ಲಗ್ಗು, ಚೈನ್ ಲಾಕು, ಫ್ಯೂಸು, ಪಂಚರ್ ಕಿಟ್ಟು ತರಿಸಿ, ಒಂದೊಂದನ್ನೂ ನನ್ನ ಕೈಯಲ್ಲೇ ಬಿಚ್ಚಿಸಿ ಹಾಕಿಸಿದರು. ಆಮೇಲೆ ಹೇಳಿದರು: "ಸಾರ್, ದಾರೀಲಿ ಸಣ್ಣಪುಟ್ಟದಕ್ಕೆ ಯಾರ ಮುಂದೆನೂ ನಿಲ್ಬೇಡಿ. ನೀವೇ ಮಾಡ್ಕೊಳ್ಳಿ. ದೊಡ್ಡದು ಬಂತಾ, ಸೀದಾ ಕಂಪನಿ ಶೋರೂಮಿಗೆ ಹೋಗಿ ಚೀಟಿ ಮಾಡ್ಸಿ." ಯಾಕೆ ಭಾಯ್ ಅಂದೆ. "ಚೀಟಿ ಆದ್ಮೇಲೆ ಅವ್ರು ಗಾಡಿ ನೋಡ್ತಾರೆ, ನಿಮ್ಮನ್ನ ನೋಡಲ್ಲ" ಅಂದರು. ಈ ಮಾತು ಹೇಳೋಕೆ ಅವರ ಹೆಸರಿನ ಕಾರಣಕ್ಕೆ ಅವರಿಗೆ ಏನೇನು ಆಗಿತ್ತೋ, ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಆ ಮಾತಿನ ಅರ್ಥ ಗಡಿ ದಾಟೋಕೆ ಮುಂಚೆಯೇ, ನಮ್ಮ ದೇಶದ ಒಳಗೇ ಗೊತ್ತಾಯ್ತು. ನಾಗಪುರ ಬಿಟ್ಟ ಎರಡನೇ ದಿನ ತಮ್ಮನ ಗಾಡಿಯ ಹಿಂದಿನ ಚಕ್ರದ ಬೇರಿಂಗ್ ಹೋಯ್ತು. ಚಕ್ರ ಆಡೋಕೆ ಶುರುವಾಯ್ತು. ರಸ್ತೆ ಪಕ್ಕ ಒಂದು ಮೆಕ್ಯಾನಿಕ್ ಅಂಗಡಿ ಸಿಕ್ಕಿತು. ಆತ ಒಳ್ಳೇ ಮಾತಲ್ಲೇ ಸ್ಪ್ಯಾನರ್ ತಗೊಂಡು ಕೂತ. ಅಷ್ಟರಲ್ಲಿ ನನ್ನ ಗಾಡಿ ಬಂದು ಪಕ್ಕದಲ್ಲಿ ನಿಂತಿತು. ಬಾವುಟ ನೋಡಿದ, ಸ್ಟಿಕ್ಕರ್ ನೋಡಿದ. ಎಲ್ಲಿಂದ ಬರ್ತಿದ್ದೀರಿ ಅಂದ. ಮೇಷ್ಟ್ರು ದೀಕ್ಷಾಭೂಮಿ ಅಂದರು. "ಯಾವ ಸಮಾಜ?" ಅಂತ ಹಿಂದಿಯಲ್ಲಿ ಕೇಳಿದ. ಮೇಷ್ಟ್ರು ಮುಚ್ಚಿಡೋರಲ್ಲ, ಹೇಳಿದರು. ಆತ ಎದ್ದು ನಿಂತು ಕೈ ಒರೆಸಿಕೊಂಡು ಬೇರಿಂಗ್ ಸ್ಟಾಕ್ ಇಲ್ಲ ಅಂದ. ಅವನ ತಲೆ ಹಿಂದೆಯೇ ಬೇರಿಂಗ್ ಡಬ್ಬಗಳ ಸಾಲು ಇತ್ತು.

ಜಗಳ ಆಡೋಕೆ ತಮ್ಮ ಮುಂದಾದ. ಮೇಷ್ಟ್ರು ಬೇಡಪ್ಪ ಅಂದರು. ಸಂಜೆ ಹೊತ್ತು, ಗೊತ್ತಿಲ್ಲದ ಊರು, ನಾಲ್ಕೇ ಜನ. ಗಾಡೀನ ಟೆಂಪೋಗೆ ಹಾಕಿ ಮುಂದಿನ ಪಟ್ಟಣಕ್ಕೆ ತಗೊಂಡು ಹೋಗಿ, ಬೆಳಿಗ್ಗೆ ಕಂಪನಿ ಸರ್ವಿಸ್ ಸೆಂಟರ್ ಬಾಗಿಲು ತೆಗೆಯೋವರೆಗೆ ಕಾದೆವು. ಅಲ್ಲಿ ಒಂದು ಗಂಟೆ ಕೆಲಸ. ಅವತ್ತಿನ ನಿಜವಾದ ಲೆಕ್ಕ ಹೀಗಿದೆ: ಬೇರಿಂಗಿಗಿಂತ ಟೆಂಪೋ ಬಾಡಿಗೆ, ಲಾಡ್ಜ್ ಬಾಡಿಗೆ ಜಾಸ್ತಿ. ಜಾತಿಗೆ ನಾವು ಕಟ್ಟೋ ದಂಡ ಯಾವ ಬಿಲ್ಲಿನಲ್ಲೂ ಬರಲ್ಲ, ಆದರೆ ಪ್ರತಿ ಪ್ರಯಾಣದಲ್ಲೂ ಕಟ್ತಾನೇ ಇರ್ತೀವಿ.

ಸೋನೌಲಿಯಲ್ಲಿ ಗಡಿ ದಾಟಿದರೆ ಆ ಕಡೆ ಬೆಲಹಿಯಾ. ಅಲ್ಲಿ ಗಾಡಿಗೆ ಭನ್ಸಾರ್ ಮಾಡಿಸಬೇಕು, ಅಂದರೆ ಎಷ್ಟು ದಿನ ಇರ್ತೀರೋ ಅಷ್ಟು ದಿನದ ಸುಂಕ ಕಟ್ಟಿ ಚೀಟಿ ತಗೋಬೇಕು. ಆರ್‌ಸಿ, ಲೈಸೆನ್ಸು, ಗುರುತಿನ ಚೀಟಿ ತೋರಿಸಿದೆವು, ಕೆಲಸ ಆಯ್ತು. ಲುಂಬಿನಿಯಲ್ಲಿ ಅಶೋಕ ನಿಲ್ಲಿಸಿದ ಕಂಬದ ಮುಂದೆ ನಿಂತಾಗ ರಾಯಚೂರಿನ ತಮ್ಮ, "ಅಣ್ಣಾ, ಇವನ ಹೆಸರು ಅಶೋಕ ಅಂತ ಬರೆದಿರೋ ಬಂಡೆ ನಮ್ಮ ಮಸ್ಕಿಯಾಗೈತಿ" ಅಂತ ಅಲ್ಲಿದ್ದವರಿಗೆಲ್ಲ ಹೇಳಿಕೊಂಡು ಓಡಾಡಿದ. ನಿಜ, 1915ರಲ್ಲಿ ಸಿಕ್ಕಿದ ಶಾಸನ ಅದು.

ಲುಂಬಿನಿ ಮುಗಿಸಿ ಪೋಖರಾ ನೋಡೋಣ ಅಂತ ಹೊರಟೆವು. ಬುಟ್ವಲ್ ದಾಟಿದ ಕೂಡಲೇ ಸಿದ್ಧಾರ್ಥ ಹೆದ್ದಾರಿ ತಿನಾವು ನದಿಯ ಕಣಿವೆ ಹಿಡಿದು ಏರುತ್ತೆ. ಇಬ್ಬರು ಜನ, ಎರಡು ಬ್ಯಾಗು, ಒಂದೇ ಸಮ ಏರು. ಮಧ್ಯಾಹ್ನದ ಹೊತ್ತಿಗೆ ಗಾಡಿ ಎಳೀತಾನೇ ಇಲ್ಲ. ಆಕ್ಸಿಲೇಟರ್ ಕೊಟ್ಟರೆ ಇಂಜಿನ್ ಕೂಗುತ್ತೆ, ಚಕ್ರ ಮುಂದೆ ಹೋಗಲ್ಲ. ಸುಟ್ಟ ವಾಸನೆ. ಕ್ಲಚ್ ಪ್ಲೇಟ್ ಸುಟ್ಟುಹೋಗಿದೆ ಅಂತ ನನಗೇ ಗೊತ್ತಾಯ್ತು. ಇದು ನನ್ನ ಕಿಟ್ಟಿನಲ್ಲಿ ಇರೋ ಸಾಮಾನಲ್ಲ, ದಾರಿಯಲ್ಲಿ ಬಿಚ್ಚೋ ಕೆಲಸವೂ ಅಲ್ಲ. ಇಳಿಜಾರಲ್ಲಿ ಮೆಲ್ಲಗೆ ವಾಪಸ್ ಬುಟ್ವಲ್‌ಗೆ ಇಳಿಸಿಕೊಂಡು ಬಂದು ಬಜಾಜ್ ಡೀಲರ್ ಬಾಗಿಲಲ್ಲಿ ನಿಲ್ಲಿಸಿದೆ.

ನೇಪಾಳದ ದೊಡ್ಡ ಹಬ್ಬ ದಶೈಂ. ನಮ್ಮ ದಸರಾ ಹೊತ್ತಿಗೇ ಬರುತ್ತೆ, ಹುಣ್ಣಿಮೆವರೆಗೆ ಎಷ್ಟೋ ಅಂಗಡಿ ಮುಚ್ಚಿರ್ತವೆ. ನಾವು ಹೋದಾಗ ಹಬ್ಬ ಮುಗಿದು ಆಗಷ್ಟೇ ಬಾಗಿಲು ತೆಗೆದಿದ್ದರು, ಅರ್ಧ ಜನ ಊರಿಂದ ವಾಪಸ್ ಬಂದಿರಲಿಲ್ಲ. ಕೌಂಟರಲ್ಲಿ ಕೂತಿದ್ದ ಹೆಣ್ಣುಮಗಳು ಗಾಡಿಯ ಕೆಎ-05 ನಂಬರ್ ಪ್ಲೇಟ್ ನೋಡಿ ಎಲ್ಲಿಯದು ಅಂದಳು. ಬೆಂಗಳೂರು ಅಂದೆ. ಒಂದು ಜಾಬ್ ಕಾರ್ಡ್ ತೆಗೆದಳು. ಹೆಸರು, ಫೋನ್ ನಂಬರು, ಚಾಸಿಸ್ ನಂಬರು, ಎಷ್ಟು ಕಿಲೋಮೀಟರ್ ಓಡಿದೆ, ಪೆಟ್ರೋಲ್ ಎಷ್ಟಿದೆ, ಕಂಪ್ಲೇಂಟ್ ಏನು. ಅಷ್ಟೇ. ಕೆಳಗೆ ನನ್ನ ಸಹಿ.

ನಾನು ಗುಮಾಸ್ತ. ದಿನವೆಲ್ಲ ಅರ್ಜಿ ನೋಡೋ ಕೆಲಸ. ಆ ಕಾರ್ಡಿನ ಒಂದೊಂದು ಕಾಲಮ್ಮನ್ನೂ ಓದಿದೆ.

ಸೂಪರ್‌ವೈಸರ್ ಒಂದು ರೌಂಡ್ ಓಡಿಸಿ ನೋಡಿ ಬಂದು ಸ್ಪಷ್ಟವಾಗಿ ಹೇಳಿದರು: ಇಂಡಿಯಾದ ವಾರಂಟಿ ಇಲ್ಲಿ ನಡೆಯಲ್ಲ, ಇಲ್ಲಿಯ ವಿತರಕರೇ ಬೇರೆ, ಪೂರ್ತಿ ದುಡ್ಡು ಕೊಡಬೇಕು. ಪ್ಲೇಟು, ಸ್ಪ್ರಿಂಗು, ಗ್ಯಾಸ್ಕೆಟ್ಟು, ಆಯಿಲ್, ಲೇಬರ್ ಅಂತ ಸಾಲಾಗಿ ಬರೆದು ಒಟ್ಟು ಎಷ್ಟಾಗುತ್ತೆ ಅಂತ ತೋರಿಸಿದರು. ನಾಳೆ ಕೊಡ್ತೀವಿ, ಇದಕ್ಕಿಂತ ಜಾಸ್ತಿ ಆಗೋ ಹಾಗಿದ್ರೆ ಮೊದಲು ನಿಮ್ಮನ್ನ ಕೇಳ್ತೀವಿ ಅಂದರು. ಮಾರನೇ ದಿನ ನವೆಂಬರ್ 1, ನಮ್ಮ ರಾಜ್ಯೋತ್ಸವ, ಕರ್ನಾಟಕ ಅಂತ ಹೆಸರಿಟ್ಟು 50 ವರ್ಷ ತುಂಬಿದ ದಿನ. ಮಧ್ಯಾಹ್ನಕ್ಕೆ ಗಾಡಿ ರೆಡಿ. ಸುಟ್ಟ ಪ್ಲೇಟುಗಳನ್ನ ಕವರಲ್ಲಿ ಹಾಕಿ ಕೈಗೆ ಕೊಟ್ಟರು. ನಮ್ಮಲ್ಲಿಗಿಂತ ಬೆಲೆ ಜಾಸ್ತಿನೇ ಆಯ್ತು. ಆದರೆ ಬರೆದುಕೊಟ್ಟಿದ್ದಕ್ಕಿಂತ ಒಂದು ಪೈಸೆ ಜಾಸ್ತಿ ಇಲ್ಲ. ಕೌಂಟರಿನ ಹೆಣ್ಣುಮಗಳು ಬಿಲ್ಲನ್ನ ಕೈಗೇ ಕೊಟ್ಟಳು, ದುಡ್ಡನ್ನ ಕೈಯಿಂದಲೇ ತಗೊಂಡಳು. ಈ ಸಾಲನ್ನ ಯಾಕೆ ಬರೆದೆ ಅಂತ ನಿಮಗೆ ಗೊತ್ತು.

ಇಲ್ಲಿಗೆ ನಿಲ್ಲಿಸಿದ್ದರೆ "ಹೊರದೇಶ ಸ್ವರ್ಗ, ನಮ್ಮದು ನರಕ" ಅಂತ ಆಗಿಬಿಡ್ತಿತ್ತು. ಹಾಗಿಲ್ಲ.

ಗಾಡಿ ಬಿಚ್ಚಿದ ಹುಡುಗನ ಅಂಗಿಯ ಮೇಲೆ ಹೆಸರಿನ ಪಟ್ಟಿ ಇತ್ತು. ಹೆಸರಿನ ಕೊನೆಗೆ "ಬಿ.ಕೆ." ಅಂತ. ಕೆಲಸ ಮುಗಿಸಿ ಕೈ ತೊಳೆಯುವಾಗ ಟ್ಯಾಂಕಿನ ಸ್ಟಿಕ್ಕರ್ ತೋರಿಸಿ ಮೆಲ್ಲಗೆ "ದಾಯಿ, ಅಂಬೇಡ್ಕರ್?" ಅಂದ. ದಾಯಿ ಅಂದರೆ ಅಣ್ಣ. ಹೂಂ ಅಂದೆ. ಅವನ ಮುಖವೇ ಬೇರೆ ಆಯ್ತು. ಬಿ.ಕೆ. ಅಂದರೆ ವಿಶ್ವಕರ್ಮ. ನಮ್ಮಲ್ಲಿ ಆ ಹೆಸರಿನವರು ದಲಿತರಲ್ಲ. ಅಲ್ಲಿ ಕಬ್ಬಿಣ ಬಡಿಯೋ ಕಾಮಿಗಳೂ, ಚಪ್ಪಲಿ ಹೊಲಿಯೋ ಸಾರ್ಕಿಗಳೂ, ಬಟ್ಟೆ ಹೊಲಿಯೋ ದಮಾಯಿಗಳೂ ದಲಿತರು. 1854ರ ಮುಲುಕಿ ಐನ್ ಅನ್ನೋ ಕಾನೂನೇ ಅವರನ್ನ ನೀರು ಮುಟ್ಟಬಾರದ ಜಾತಿಗಳು ಅಂತ ಬರೆದಿಟ್ಟಿತ್ತು. ನಮ್ಮಲ್ಲಿ ಶಾಸ್ತ್ರ ಮಾಡಿದ ಕೆಲಸವನ್ನ ಅಲ್ಲಿ ರಾಜನ ಕಾನೂನೇ ಮಾಡಿತ್ತು. 1963ರಲ್ಲಿ ಆ ಕಾನೂನು ಬದಲಾಯ್ತು, 2011ರಲ್ಲಿ ಅಸ್ಪೃಶ್ಯತೆಗೆ ಶಿಕ್ಷೆ ಕೊಡೋ ಕಾಯ್ದೆಯೂ ಬಂತು. ಆದರೂ 2020ರ ಮೇ ತಿಂಗಳಲ್ಲಿ ಪಶ್ಚಿಮ ರುಕುಮ್‌ನಲ್ಲಿ ಮೇಲ್ಜಾತಿ ಹುಡುಗಿಯನ್ನ ಪ್ರೀತಿಸಿದ ದಲಿತ ಯುವಕ ಮತ್ತು ಅವನ ಜೊತೆ ಹೋದ ಗೆಳೆಯರು ಸೇರಿ ಆರು ಜನ ಸತ್ತರು. ಊರಿನ ಗುಂಪು ಅಟ್ಟಿಸಿಕೊಂಡು ಹೋಗಿತ್ತು.

ಆ ಹುಡುಗ ಮುರುಕಲು ಹಿಂದಿಯಲ್ಲಿ ಹೇಳಿದ್ದು ಇಷ್ಟು: "ನಮ್ಮ ತಾತ ಮಾಡಿದ ಕುಡುಗೋಲು, ನೇಗಿಲಿನ ಗುಳ ಊರಿಗೆಲ್ಲ ಬೇಕು. ತಾತ ಅವರ ಮನೆ ಹೊಸ್ತಿಲು ದಾಟಂಗಿಲ್ಲ. ಇಲ್ಲಿ ನಾನು ಮುಟ್ಟಿದ ಗಾಡೀನ ಬ್ರಾಹ್ಮಣರೂ ಓಡಿಸ್ಕೊಂಡು ಹೋಗ್ತಾರೆ. ಆದ್ರೆ ರೂಮು ಬಾಡಿಗೆಗೆ ಹೋದ್ರೆ ಮೊದಲು 'ಥರ್' ಕೇಳ್ತಾರೆ." ಥರ್ ಅಂದರೆ ಮನೆತನದ ಹೆಸರು. ನಮ್ಮ ಮಲ್ಲೇಶ್ವರದ "ಯಾವ ಕಡೆಯವರು" ಅನ್ನೋದರ ನೇಪಾಳಿ ಅನುವಾದ. ಅವನು ಅಲ್ಲಿ, ನಾನು ಇಲ್ಲಿ, ಇಬ್ಬರೂ ಒಂದೇ ಬಾಗಿಲ ಮುಂದೆ ನಿಂತು ಬಂದವರು.

ಹಾಗಾದರೆ ಅದೇ ಊರಿನ ಶೋರೂಮಿನಲ್ಲಿ ಯಾಕೆ ಬೇರೆ? ಅಲ್ಲಿಯ ಜನ ಪುಣ್ಯವಂತರು ಅಂತಲ್ಲ. ಅದೇ ಜನ ಸಂಜೆ ಮನೆಗೆ ಹೋಗಿ ಥರ್ ಕೇಳ್ತಿರಬಹುದು. ಕೌಂಟರಲ್ಲಿ ಕೂತಾಗ ಅವರ ಕೈಯಲ್ಲಿ ಒಂದು ಕಾರ್ಡ್ ಇದೆ. ಏನು ಕೇಳಬೇಕು ಅಂತ ಅದರಲ್ಲಿದೆ, ಏನು ಕೇಳಬಾರದು ಅನ್ನೋದೂ ಅದರಿಂದಲೇ ತೀರ್ಮಾನ ಆಗಿದೆ. ರೇಟು ಬರೆದಿದೆ, ಸಹಿ ಇದೆ, ಕೇಳೋಕೆ ಮೇಲೊಬ್ಬರಿದ್ದಾರೆ. ರಸ್ತೆ ಪಕ್ಕದ ಅಂಗಡಿಯಲ್ಲಿ ನಮಗೆ ಸಿಕ್ಕೋದು ಒಬ್ಬ ಮನುಷ್ಯನ ಕರುಣೆ, ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಚೀಟಿ ಆದಮೇಲೆ ಸಿಕ್ಕೋದು ಹಕ್ಕು. ನಮ್ಮ ಭಾಯ್ ಥರದ ಮೆಕ್ಯಾನಿಕ್‌ಗಳು ನೂರಾರು ಜನ ಇದ್ದಾರೆ, ಅವರ ಋಣ ದೊಡ್ಡದು. ಆದರೆ ಒಳ್ಳೇ ಮನುಷ್ಯ ಸಿಗೋ ಅದೃಷ್ಟದ ಮೇಲೆ ಒಂದು ಸಮುದಾಯ ಪ್ರಯಾಣ ಮಾಡೋಕೆ ಆಗಲ್ಲ.

ಕಾಮ್ರೇಡ್ ಗೆಳೆಯರು ಬೈಯ್ಯೋಕೆ ಮುಂಚೆ ನಾನೇ ಹೇಳ್ತೀನಿ: ಕಂಪನಿಗೆ ಜೈಕಾರ ಹಾಕ್ತಿಲ್ಲ. ಡೀಲರ್‌ಶಿಪ್ ಯಾರ ಕೈಯಲ್ಲಿದೆ, ಎಸಿ ಕ್ಯಾಬಿನ್ನಿನಲ್ಲಿ ಯಾರು ಕೂತಿದ್ದಾರೆ, ಹಿಂದುಗಡೆ ವಾಟರ್ ವಾಷ್ ಮಾಡೋ ಹುಡುಗ ಯಾವ ಕೇರಿಯವನು, ನೀವೇ ನಿಮ್ಮೂರಲ್ಲಿ ನೋಡಿ ಎಣಿಸಿ. ನಾನು ಹೇಳ್ತಿರೋದು ಆ ಕಾರ್ಡಿನ ಬಗ್ಗೆ ಮಾತ್ರ. ಕಂಪನಿ ತನ್ನ ಲಾಭಕ್ಕೆ ಮಾಡಿಕೊಂಡ ನಿಯಮವೇ ನಮಗೆ ಇಷ್ಟು ನೆರಳು ಕೊಡುತ್ತೆ ಅಂದರೆ, ದೇಶದ ನಿಯಮ ಜಾರಿಯಾದರೆ ಎಷ್ಟು ಕೊಡಬಹುದು?

ದೇಶದ ನಿಯಮ ಇದೆ. ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ ಯಾವುದರಲ್ಲೂ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಬಾರದು ಅನ್ನುತ್ತೆ. 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಇದರ ಚರ್ಚೆ ಬಂದಾಗ "ಅಂಗಡಿ" ಅಂದರೆ ಏನು ಅನ್ನೋ ಪ್ರಶ್ನೆ ಎದ್ದಿತು. ಬಾಬಾಸಾಹೇಬರು ಆ ಪದಕ್ಕೆ ಬಹಳ ಅಗಲವಾದ ಅರ್ಥ ಕೊಟ್ಟರು: ಕೇಳಿಕೊಂಡು ಬಂದವರಿಗೆ ಸೇವೆ ಕೊಡೋಕೆ ತಯಾರಾಗಿ ಕೂತಿರೋ ಜಾಗ ಯಾವುದಿದ್ದರೂ ಅದು ಅಂಗಡಿನೇ. ಸಾಮಾನು ಮಾರೋದು ಮಾತ್ರವಲ್ಲ, ಕ್ಷೌರ, ಬಟ್ಟೆ ಒಗೆಯೋದು ಎಲ್ಲಾ ಅದರೊಳಗೇ ಬರುತ್ತೆ ಅಂದರು. ಅಸ್ಪೃಶ್ಯತೆ ರದ್ದು ಮಾಡೋ ವಿಧಿ ಒಪ್ಪಿಗೆಯಾಗಿದ್ದೂ ಅದೇ ದಿನ. ಚಾಳೀಸ್‌ಗಾಂವ್‌ನಲ್ಲಿ ಟಾಂಗಾದಿಂದ ಬಿದ್ದು ಕಾಲು ಮುರಿದುಕೊಂಡವರು 19 ವರ್ಷದ ನಂತರ ಆ ಅರ್ಥವನ್ನ ಹಾಗೆ ಅಗಲ ಮಾಡಿದ್ದು ನನಗೆ ಆಕಸ್ಮಿಕ ಅನ್ನಿಸಲ್ಲ. ಪಂಚರ್ ಶಾಪು, ಗ್ಯಾರೇಜು ಎಲ್ಲಾ ಆ ಪದದ ಒಳಗಿವೆ. ನಮ್ಮಪ್ಪ ದುಡ್ಡು ಇಟ್ಟ ಕಲ್ಲು ಸಂವಿಧಾನದ ಪ್ರಕಾರ ಅವತ್ತೇ ಅಪರಾಧ ಆಗಿತ್ತು. ಅಪ್ಪನಿಗೆ ಅದನ್ನ ಹೇಳೋರು ಯಾರೂ ಇರಲಿಲ್ಲ.

ಇನ್ನು ಹೋಗೋ ಹುಡುಗರಿಗೆ ಕೆಲಸಕ್ಕೆ ಬರೋ ಮಾತು. ನೇಪಾಳಕ್ಕೆ ಹೋಗೋದಾದರೆ ಒರಿಜಿನಲ್ ಆರ್‌ಸಿ ಇಟ್ಟುಕೊಳ್ಳಿ, ಇನ್ಶೂರೆನ್ಸ್ ಆಫೀಸಿಗೆ ಹೋಗಿ ಪಾಲಿಸಿಯನ್ನ ನೇಪಾಳಕ್ಕೂ ವಿಸ್ತರಣೆ ಮಾಡಿಸಿಕೊಳ್ಳಿ. ಭನ್ಸಾರ್ ಚೀಟಿ ಎರಡು ದಿನ ಜಾಸ್ತಿಗೇ ಮಾಡಿಸಿ, ಗಾಡಿ ಕೆಟ್ಟರೆ ಆ ಎರಡು ದಿನ ಬೇಕಾಗುತ್ತೆ. ಅಲ್ಲಿ ವಾರದ ರಜೆ ಶನಿವಾರ, ಅವತ್ತು ಡೀಲರ್ ಬಾಗಿಲು ತಟ್ಟಬೇಡಿ. ನಮ್ಮ 100 ರೂಪಾಯಿಗೆ ಅಲ್ಲಿಯ 160 ಅನ್ನೋ ಲೆಕ್ಕ ತಲೆಯಲ್ಲಿರಲಿ, ಎಸ್ಟಿಮೇಟ್ ಯಾವ ದುಡ್ಡಲ್ಲಿ ಬರೆದಿದ್ದಾರೆ ಅಂತ ಕೇಳಿ. 2020ರ ನಂತರದ ಬಿಎಸ್-6 ಗಾಡಿ ಇರೋರು ಹೊರಡೋಕೆ ಮುಂಚೆಯೇ ನಿಮ್ಮ ಮಾಡೆಲ್ಲಿನ ಪಾರ್ಟ್ ಅಲ್ಲಿ ಸಿಗುತ್ತಾ ಅಂತ ಅಲ್ಲಿಯ ಡೀಲರಿಗೆ ಫೋನ್ ಮಾಡಿ ಕೇಳಿಕೊಳ್ಳಿ. ಬ್ರ್ಯಾಂಡ್ ಒಂದೇ ಆದ ಮಾತ್ರಕ್ಕೆ ಪಾರ್ಟ್ ಒಂದೇ ಇರಲ್ಲ. ಎಲ್ಲಿ ಕೊಟ್ಟರೂ ಜಾಬ್ ಕಾರ್ಡ್ ಮಾಡಿಸಿ, ಎಸ್ಟಿಮೇಟ್ ಬರೆಸಿ, ಹಳೇ ಪಾರ್ಟ್ ವಾಪಸ್ ಕೇಳಿ. ಸ್ಟಿಕ್ಕರ್, ಬಾವುಟ ತೆಗೀಬೇಕಾ ಅಂತ ಕೆಲವರು ಕೇಳಿದ್ದೀರಿ. ನಾನು ತೆಗೀಲಿಲ್ಲ. ತೆಗೆದಿದ್ದರೆ ಬುಟ್ವಲ್‌ನ ಆ ತಮ್ಮ ನನ್ನ ಹತ್ರ ಮಾತಾಡ್ತಿರಲಿಲ್ಲ.

ಕೊನೆಗೆ ಒಂದು ಕೆಲಸ ಹಚ್ತೀನಿ. ಅಮೆರಿಕದಲ್ಲಿ ಕಪ್ಪು ಜನ ಕಾರು ಕೊಂಡರೂ ದಾರಿಯಲ್ಲಿ ಊಟ, ರೂಮು, ರಿಪೇರಿ ಸಿಗದ ಕಾಲ ಇತ್ತು. ನ್ಯೂಯಾರ್ಕಿನ ವಿಕ್ಟರ್ ಹ್ಯೂಗೋ ಗ್ರೀನ್ ಅನ್ನೋ ಒಬ್ಬ ಪೋಸ್ಟ್‌ಮ್ಯಾನ್ 1936ರಲ್ಲಿ ಒಂದು ಸಣ್ಣ ಪುಸ್ತಕ ಶುರು ಮಾಡಿದರು. ಯಾವ ಊರಲ್ಲಿ ಯಾವ ಹೋಟೆಲು, ಯಾವ ಗ್ಯಾರೇಜು, ಯಾವ ಪೆಟ್ರೋಲ್ ಬಂಕು ಕಪ್ಪು ಜನರನ್ನ ಮರ್ಯಾದೆಯಿಂದ ನೋಡುತ್ತೆ ಅನ್ನೋ ಪಟ್ಟಿ. ಓದುಗರೇ ಬರೆದು ಕಳಿಸಿದ ವಿವರ ಸೇರಿಸಿ ಸೇರಿಸಿ ಅದು ಸುಮಾರು 30 ವರ್ಷ ನಡೆಯಿತು. ಗ್ರೀನ್ ಬುಕ್ ಅಂತ ಹೆಸರು. ಇಂಥ ಪುಸ್ತಕದ ಅಗತ್ಯವೇ ಇಲ್ಲದ ದಿನ ಬರಲಿ ಅಂತ ಬಯಸಿಯೇ ಅವರು ಅದನ್ನ ನಡೆಸಿದರು. ಟಪಾಲು ಹಂಚೋ ಒಬ್ಬ ನೌಕರ ಮಾಡಿದ ಕೆಲಸ ಅದು. ಗುಮಾಸ್ತನಾದ ನಾನು ಪಟ್ಟಿ ಬರೆಯೋಕಾದರೂ ಲಾಯಕ್ಕು ಅಂದುಕೊಂಡಿದ್ದೀನಿ.

ಬೆಂಗಳೂರಿಂದ ನಾಗಪುರ ದಾರಿ, ಕಲಬುರಗಿ ದಾರಿ, ಮೈಸೂರು ಚಾಮರಾಜನಗರ ದಾರಿ, ಮಂಗಳೂರು ಕಾಸರಗೋಡು ದಾರಿ. ನೀವು ಓಡಾಡೋ ರಸ್ತೆಯಲ್ಲಿ ನಿಮ್ಮ ಗಾಡಿ ನಿಂತಾಗ ಏನೂ ಕೇಳದೆ ಕೈ ಹಾಕಿದ ಗ್ಯಾರೇಜು, ಪಂಚರ್ ಶಾಪು, ಸರ್ವಿಸ್ ಸೆಂಟರ್ ಹೆಸರು, ಊರು ಕೆಳಗೆ ಕಾಮೆಂಟಿನಲ್ಲಿ ಬರೀರಿ. ಕೆಟ್ಟವರ ಹೆಸರು ಇಲ್ಲಿ ಬೇಡ, ಅದಕ್ಕೆ ಪೊಲೀಸ್ ಠಾಣೆ ಇದೆ, 1989ರ ದೌರ್ಜನ್ಯ ತಡೆ ಕಾಯ್ದೆ ಇದೆ, ಅಂಥದ್ದು ಆಗಿದ್ದರೆ ನನಗೆ ಫೋನ್ ಮಾಡಿ, ದೂರು ಬರೆದುಕೊಡ್ತೀನಿ. ಇಲ್ಲಿ ಒಳ್ಳೆಯವರ ಪಟ್ಟಿ ಮಾಡೋಣ. ಏಪ್ರಿಲ್ 14ರ ಒಳಗೆ ಜಿಲ್ಲಾವಾರು ಜೋಡಿಸಿ ಪಿಡಿಎಫ್ ಮಾಡಿ ಎಲ್ಲರಿಗೂ ಕಳಿಸ್ತೀನಿ.

ಮೊದಲನೇ ಹೆಸರು ಚಾಮರಾಜಪೇಟೆಯಿಂದ ನಾನೇ ಬರೆದಿದ್ದೀನಿ. ಎರಡನೇದು ನಿಮ್ಮದು.

ಜೈ ಭೀಮ್.